ಸುತ್ತಿಗೆ ಇಲ್ಲದ ಗಾಡಿ

ಪ್ಷೆರೋವ್
ನವೆಂಬರ್ 9, 2002

ಮಗಳು ಬ್ಲಾಂಕಾಳಿಗೆ ಅಪ್ಪನ ಆಶೀರ್ವಾದಗಳು.

ಮಂಡಿನೋವೊಂದು ಬಿಟ್ಟರೆ ನಾನು ಕ್ಷೇಮ. ನಿನ್ನ ಕಾರ್ಡು ಬಂದು ಐದು ವಾರವಾಯಿತು, ತಡವಾದದ್ದಕ್ಕೆ ಕ್ಷಮಿಸು. ಏಳು ವರ್ಷ ಕ್ರಿಸ್‌ಮಸ್ ಶುಭಾಶಯ ಬಿಟ್ಟು ಒಂದಕ್ಷರ ಬರೆಯದವಳು ಈಗ ಒಂದು ಪ್ರಶ್ನೆ ಕೇಳಿದ್ದೀಯ. ಅದಕ್ಕೆ ಕೂತಲ್ಲೇ ಉತ್ತರ ಗೀಚಲು ಮನಸ್ಸಾಗಲಿಲ್ಲ.

ಸಾಹಿತಿ ಸ್ತ್ರೇಡಾ ಯೂರೋಪೆಲ್ಲ ಸುತ್ತಿದ ರೈಲು ಪ್ರಯಾಣಗಳ ಮೇಲೆ ನೀನು ಪುಸ್ತಕ ಬರೆಯುತ್ತಿರುವುದು ಕೇಳಿ ಸಂತೋಷವಾಯಿತು. 1935ರ ಅಕ್ಟೋಬರ್ 28, ರಜೆಯ ದಿನ. ಹೆಂಡತಿಗೆ ಕೊನೆಗಾಲವೆಂದು ತಂತಿ ಬಂದು ಅವರು ವೆನಿಸ್‌ನಿಂದ ನಮ್ಮೂರಿಗೆ ಹೊರಟರು. ಬ್ರೆತ್ಸ್ಲಾವ್‌ನಲ್ಲಿ ಗಾಡಿ ಬದಲಿಸಬೇಕಿತ್ತು. ವೇಳಾಪಟ್ಟಿಯಲ್ಲಿ ಮಧ್ಯಾಹ್ನದ ಗಾಡಿಯ ಮುಂದಿದ್ದ ಸುತ್ತಿಗೆ ಗುರುತು ಕಾಣದೆ ಮೋಸಹೋದೆ, ತಲುಪುವಾಗ ಅವಳಿರಲಿಲ್ಲ ಎಂದು ಬರೆದರು. ಆ ಪುಟ ಓದಿ ಅಳದವರಿಲ್ಲ. ಗುರುತು ನಿಜಕ್ಕೂ ಇತ್ತೇ ಎಂಬುದು ನಿನ್ನ ಪ್ರಶ್ನೆ.

ಅಡ್ಡಡ್ಡ ಇಟ್ಟ ಎರಡು ಪುಟ್ಟ ಸುತ್ತಿಗೆ ಎಂದರೆ ಕೆಲಸದ ದಿನ ಮಾತ್ರ ಓಡುವ ಗಾಡಿ. ಮೂವತ್ತೊಂದು ವರ್ಷ ವೇಳಾಪಟ್ಟಿಯಲ್ಲಿ ಅವುಗಳನ್ನು ಕೂರಿಸಿದವನು ನಾನು. ರಜೆಯ ದಿನ ಅದನ್ನು ಮರೆತು ನಿಲ್ದಾಣದಲ್ಲಿ ಪೆಚ್ಚಾಗದವರು ನಮ್ಮಲ್ಲಿ ಯಾರಿದ್ದಾರೆ? ನಿನ್ನಮ್ಮ ಹೋದ ದಿನ ನನಗೂ ಅದೇ ಆಯಿತೆಂದು ಹೇಳಿದ್ದೆ. "ಸುತ್ತಿಗೆ ಕೂರಿಸೋನಿಗೇ ಸುತ್ತಿಗೆ ಕಾಣಲಿಲ್ವಾ ಅಪ್ಪಾ? ಅಮ್ಮ ಬಾಗಿಲು ನೋಡ್ತಾನೇ ಇದ್ಲು" ಎಂದು ಸ್ಮಶಾನದಲ್ಲಿ ನೀನು ಅಂದದ್ದು ಇನ್ನೂ ಕಿವಿಯಲ್ಲಿದೆ.

ಮೊದಲು ಹಳೆಯ ವೇಳಾಪಟ್ಟಿಗಳನ್ನು ಕಾಯುವ ಗೆಳೆಯ ಕ್ವಿಡೋನ ಹತ್ತಿರ ಹೋದೆ. "ಏನೋ, ನಿವೃತ್ತನಾದ್ರೂ ಸುತ್ತಿಗೆ ನಿನ್ನ ಬಿಡಲಿಲ್ವಲ್ಲೋ!" ಎಂದು ನಗುತ್ತಲೇ ಭೂತಗನ್ನಡಿ ಕೊಟ್ಟ. 1935ರ ಮೂರು ಪ್ರತಿ ತೆಗೆದು ನೋಡಿದೆವು. "ಸುತ್ತಿಗೆನೂ ಇಲ್ಲ, ಮೊಳೆನೂ ಇಲ್ಲ. ಈ ಗಾಡಿ ದಿನಾ ಓಡ್ತಿತ್ತು ಕಣೋ. ನಿನ್ನ ಸಾಹಿತಿ ಬುರುಡೆ ಬಿಟ್ಟಿದ್ದಾನೆ" ಎಂದ. ನನಗೆ ನಗು ಬರಲಿಲ್ಲ.

ಅಷ್ಟಕ್ಕೇ ಬರೆದುಬಿಡಬಹುದಿತ್ತು. ಆದರೆ ಗಂಟು ಕಟ್ಟಿಕೊಂಡು ವೆನಿಸ್‌ಗೆ ಹೋದೆ, ಅವರು ಬಂದ ದಾರಿಯಲ್ಲೇ ವಿಯೆನ್ನಾ ದಾಟಿ ಬ್ರೆತ್ಸ್ಲಾವ್‌ಗೆ ಬಂದೆ. ದಾರಿಯುದ್ದಕ್ಕೂ ಅವರ ಪರವಾಗಿ ಒಂದು ನೆಪ ಹುಡುಕುತ್ತಿದ್ದೆ, ಸಿಗಲಿಲ್ಲ. ನಿಲ್ದಾಣದ ಹೋಟೆಲಿನಲ್ಲಿ ಬೋಟಿ ಸೂಪು ತೆಗೆದುಕೊಂಡು ಕಿಟಕಿಯ ಬಳಿ ಕೂತೆ. ಅಲ್ಲಿಂದ ಎರಡನೇ ಪ್ಲಾಟ್‌ಫಾರಂ ಚೆನ್ನಾಗಿ ಕಾಣುತ್ತದೆ. ಬಡಿಸುವಾಕೆ ಬಂದು, "ಅಜ್ಜಾ, ಪ್ಷೆರೋವ್ ಗಾಡಿ ಅಂದ್ರಲ್ಲ, ಅಗೋ ನಿಂತಿದೆ! ಸೂಪು ಹಾಳಾಗ್ಲಿ, ಏಳಿ!" ಎಂದು ಗದರಿದಳು. ನಾನು ಏಳಲಿಲ್ಲ. "ಮನೇಲಿ ಹೆಂಡ್ತಿ ಕಾಟವಾ?" ಎಂದು ಛೇಡಿಸಿ ತಟ್ಟೆ ಎತ್ತಿಕೊಂಡು ಹೋದಳು.

ನಿನ್ನ ಉತ್ತರ ಇದು, ಬ್ಲಾಂಕಾ: ಸುತ್ತಿಗೆ ಇರಲಿಲ್ಲ. ಗಾಡಿ ಇತ್ತು, ಅವರು ಹತ್ತಲಿಲ್ಲ. "ಸುತ್ತಿಗೆ ಇತ್ತು" ಎಂದು ಬರೆದ ಕಾಗದವೊಂದನ್ನು ಅಂಚೆಪೆಟ್ಟಿಗೆಯವರೆಗೂ ಒಯ್ದು ಹರಿದುಹಾಕಿದೆ. ನಾನು ಹೇಳಿದರೆ ನೀನು ನಂಬುತ್ತಿದ್ದೆ; ವೇಳಾಪಟ್ಟಿಯ ವಿಷಯದಲ್ಲಿ ನನ್ನ ಮಾತನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ. ನಿನ್ನನ್ನು ಇನ್ನೊಮ್ಮೆ ಕಳೆದುಕೊಳ್ಳುತ್ತೇನೆಂದು ಭಯವಾಗುತ್ತಿದೆ.

ಬ್ರ್ನೊದಲ್ಲಿ ಚಳಿ ಜೋರಂತೆ, ಕಿವಿಗೆ ಬಟ್ಟೆ ಕಟ್ಟಿಕೋ. ನಿನ್ನ ಪುಸ್ತಕ ಒಳ್ಳೆಯ ಹೆಸರು ತರಲಿ, ನೀನು ನೂರು ವರ್ಷ ಬಾಳು.

ಇಂತು ನಿನ್ನ ಅಪ್ಪ,
ಒಲ್ಡ್ರಿಖ್

ಮ.ವಿ.: ನೀನು ಈಗಾಗಲೇ ಊಹಿಸಿರುತ್ತೀಯ. 1995ರ ಮೇ 8ರಂದು ನನ್ನ ಗಾಡಿಗೂ ಸುತ್ತಿಗೆ ಇರಲಿಲ್ಲ. ವಿಯೆನ್ನಾದ ಕೆಲಸ ಮುಗಿಸಿ ಬರುತ್ತ ಅದೇ ಹೋಟೆಲಿನ ಅದೇ ಕಿಟಕಿಯ ಬಳಿ ಕೂತು ಎರಡು ಗಾಡಿ ಬಿಟ್ಟೆ. ಬೆಳಿಗ್ಗೆ ಆಸ್ಪತ್ರೆಯಿಂದ ನಿನ್ನಮ್ಮ ಫೋನಿನಲ್ಲಿ, "ಬೇಗ ಬಾರೋ, ನಂಗೆ ಹೆದರಿಕೆ ಆಗ್ತಿದೆ" ಎಂದಿದ್ದಳು. ನನಗೆ ಅವಳಿಗಿಂತ ಹೆಚ್ಚು ಹೆದರಿಕೆಯಾಗಿತ್ತು. ನಿನಗೆ ಏನು ನೆಪ ಹೇಳಲಿ ಎಂದು ಕೂಡ ನಾನು ತಲೆ ಕೆಡಿಸಿಕೊಳ್ಳಬೇಕಾಗಿ ಬರಲಿಲ್ಲ. ದಾರಿಯಲ್ಲಿ ಓದಿಕೋ ಎಂದು ನೀನೇ ಕೊಟ್ಟ ಸ್ತ್ರೇಡಾ ಪುಸ್ತಕ ಕೈಯಲ್ಲಿತ್ತು.