ಯೋಜನೆ ಮುಗಿಯುವ ದಿನ

ಮಾರ್ಚ್ 14, ಗುರುವಾರ

ಮಕ್ಕಳಿಗೆ ಸಂಜೆ ಪ್ರಾರ್ಥನೆ ಕಲಿಸುವ ನಮ್ಮ ಹೆಂಗಸರ ಸಂಘದ ಅನುದಾನದ ಅರ್ಜಿ ನಾಳೆಯೊಳಗೆ ರಾಜಧಾನಿ ಆಪಿಯಾದ ಆಫೀಸು ಮುಟ್ಟಬೇಕು. ಇಲ್ಲದಿದ್ದರೆ ಈ ವರ್ಷವೂ ಮಕ್ಕಳಿಗೆ ಬೈಬಲ್ ಇಲ್ಲ. ‘ಯೋಜನೆ ಮುಗಿಯುವ ದಿನ’ ಎಂಬಲ್ಲಿ ಖಾಲಿ ಬಿಟ್ಟಿದ್ದೆ, ವಾಪಸ್ ಬಂದಿದೆ. ಪ್ರಾರ್ಥನೆಗೆ ಮುಗಿಯುವ ದಿನ ಎಲ್ಲಿಂದ ತರಲಿ?

ಊರಿನಲ್ಲಿ ಸಂಜೆ ಪ್ರಾರ್ಥನೆಗೆ ಕರೆಯುವ ಶಂಖ ಊದಿ, ಪ್ರಾರ್ಥನೆ ಮುಗಿದ ಮೇಲೆ ನಮ್ಮ ಯಜಮಾನರಾದ ಫೆರೆತಿಯವರನ್ನು ಕೇಳಿದೆ.

“ಯೇಸುಸ್ವಾಮಿ ತಿರುಗಿ ಬರೋ ದಿನ ಅಂತ ಬರಿಯೇ.”

“ತಾರೀಕೇ ಬೇಕಂತೆ ರೀ.”

“ದೇವದೂತರಿಗೇ ಗೊತ್ತಿಲ್ಲ, ಆಫೀಸಿನವರಿಗೆ ಬೇಕಂತಾ?”

ನಕ್ಕು ನಕ್ಕು ಸುಸ್ತಾದೆ. ಆಮೇಲೆ ಅವರೇ ಮೆಲ್ಲಗೆ, “ಬೈಬಲ್ ಹಂಚಿ ಮುಗಿಸೋ ದಿನ ಬರಿ. ಅವರ ಕೆಲಸ ಅಷ್ಟೇ ತಾನೆ,” ಎಂದರು.

ಡಿಸೆಂಬರ್ 31 ಎಂದು ಬರೆದೆ. ತಂದೆಯೇ, ಜನವರಿ ಒಂದರ ಸಂಜೆಯೂ ಮಕ್ಕಳು ಬರುತ್ತಾರೆ, ನಾನೂ ಚಾಪೆ ಹಾಸಿ ಕಾದಿರುತ್ತೇನೆ.