ಇಂಪಾಲಾದ ಸ್ಟೀರಿಂಗ್ ಬದಲಾದ ಸಂಗತಿ

ಎಸ್ಪನ್ಯೋಲಾ, ನ್ಯೂ ಮೆಕ್ಸಿಕೋ
೧೪ ಅಕ್ಟೋಬರ್ ೧೯೮೭, ಬುಧವಾರ

ನನ್ನ ಮುದ್ದು ಫೌಸ್ತಿನೋ,

ಹೇಗಿದ್ದೀಯಪ್ಪಾ? ಸುಟ್ಟ ಗಾಯ ಒಣಗಿತೇ? ಆಸ್ಪತ್ರೆಯ ಊಟ ಗಂಟಲಲ್ಲಿ ಇಳಿಯುತ್ತಿದೆಯೇ? ಫೋನಿನಲ್ಲಿ ಕೇಳಿದರೆ ಎಲ್ಲದಕ್ಕೂ "ಹೂಂ ಅಮ್ಮಾ, ಚೆನ್ನಾಗಿದೀನಿ" ಅನ್ನುತ್ತೀಯ. ಅಷ್ಟು ಚೆನ್ನಾಗಿರುವವನನ್ನು ಅಮರಿಲೋ ಆಸ್ಪತ್ರೆಯವರು ಇನ್ನೂ ಯಾಕೆ ಮಲಗಿಸಿಕೊಂಡಿದ್ದಾರೆ ಎಂದರೆ ಲೈನು ಸರಿಯಿಲ್ಲ ಅನ್ನುತ್ತೀಯ. ಕರೆಂಟು ಕಂಬ ಹತ್ತುವ ಕೆಲಸ ಬೇಡವೆಂದು ನಾನು ಮೊದಲೇ ಹೇಳಿದ್ದೆ. ಈಗ ಆ ಮಾತು ಎತ್ತುವುದಿಲ್ಲ. ನಾನು ಕ್ಷೇಮ. ಮೊಣಕಾಲು ಮಾತ್ರ ಚಳಿ ಬಂತೆಂದು ನನಗಿಂತ ಮೊದಲೇ ಎದ್ದು ಸಾರುತ್ತದೆ. ಕೆಂಪು ಮೆಣಸಿನಕಾಯಿ ಪೋಣಿಸಿ ಸೂರಿಗೆ ಕಟ್ಟಿದ್ದಾಯಿತು. ಈ ವರ್ಷ ಖಾರ ಜಾಸ್ತಿ, ನಿನಗೆ ಇಷ್ಟವಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ಹೆಂಡತಿ ಏನೋ ನಡೆಸಿದ್ದಾಳೆ. ನಾನು ಚಾಡಿ ಹೇಳುವವಳಲ್ಲ, ಕಂಡದ್ದನ್ನು ಬರೆಯುತ್ತೇನೆ, ಅಷ್ಟೆ. ಹೋದ ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ನೋಡುತ್ತೇನೆ, ಷೆಡ್ಡು ಖಾಲಿ. ನಿನ್ನಪ್ಪ ವರ್ಷಗಟ್ಟಲೆ ಉಜ್ಜಿ, ಬಣ್ಣ ಬಳಿದು, ಕೊನೆಗೆ ನಿನ್ನ ಕೈಗೆ ಕೀಲಿ ಇಟ್ಟ ಅರವತ್ನಾಲ್ಕರ ಇಂಪಾಲಾ ಕಾರು ಅಲ್ಲಿಲ್ಲ! ಕೊರೀನಾ ಅಡುಗೆಮನೆಯಲ್ಲಿ ಹಿಟ್ಟು ನಾದುತ್ತಾ ತಲೆಯೆತ್ತದೆ, "ಫೆರ್ಮೀನ್ ಗ್ಯಾರೇಜಿಗೆ ಕೊಟ್ಟಿದೀನಿ ಅತ್ತೆ, ಪವರ್ ಸ್ಟೀರಿಂಗ್ ಪೆಟ್ಟಿಗೆ ಬದಲಾಯಿಸ್ಬೇಕು" ಅಂದಳು. ಏನಾಗಿದೆ ಅದಕ್ಕೆ ಎಂದೆ. "ಎಣ್ಣೆ ಸೋರ್ತಿದೆ" ಅಂದಳು. ಆ ಎಣ್ಣೆ ನಿನ್ನಪ್ಪ ಬದುಕಿದ್ದಾಗಿನಿಂದಲೂ ಸೋರುತ್ತಿದೆ! ಅದಕ್ಕೆಂದೇ ಕೆಳಗೆ ಹಳೆಯ ತಟ್ಟೆ ಇಟ್ಟಿದ್ದೇವಲ್ಲ. ಮನೆಯ ಯಜಮಾನ ಆಸ್ಪತ್ರೆಯಲ್ಲಿರುವಾಗ ಯಾವ ಹೆಂಗಸಿಗೆ ಕಾರಿನ ಎಣ್ಣೆಯ ಚಿಂತೆ ಹತ್ತುತ್ತದೆ, ನೀನೇ ಹೇಳು.

ಬೇಲಿಯಾಚೆಯ ಕ್ಲೊತಿಲ್ದೆಗೆ ಇದನ್ನು ಹೇಳಿದೆ. ಹೇಳಬಾರದಿತ್ತೋ ಏನೋ. ಅವಳು ಕಣ್ಣು ಸಣ್ಣಗೆ ಮಾಡಿ, "ಮಾರೋರೇ ಕಣೇ ಮೊದ್ಲು ರಿಪೇರಿ ಮಾಡಿಸೋದು. ಆಲ್ಬುಕರ್ಕಿಯವನೊಬ್ಬ ಈ ಕಡೆ ಹಳೇ ಕಾರು ಹುಡುಕ್ತಾ ಓಡಾಡ್ತಿದಾನಂತೆ" ಅಂದಳು. ಆಮೇಲೆ ಇನ್ನೊಂದು ಸೇರಿಸಿದಳು: "ಅಲ್ಲಾ, ಆ ಫೆರ್ಮೀನಿಗೆ ಇನ್ನೂ ಮದ್ವೆ ಆಗಿಲ್ಲ ಅಲ್ವಾ?" ನಾನು ಬೇಲಿ ಬಿಟ್ಟು ಒಳಗೆ ಬಂದೆ. ಆದರೆ ನಿನ್ನ ಮದುವೆಯಲ್ಲಿ ಅವನು ಕೊರೀನಾಳ ಜೊತೆ ಎಷ್ಟು ಹಾಡಿಗೆ ಕುಣಿದನೆಂದು ನನಗೆ ನೆನಪಿದೆ. ಸಂಜೆಯಾದರೆ ಇವಳು ತಮಾಲೆ ಕಡುಬು ಕಟ್ಟಿಕೊಂಡು ಅತ್ತ ಹೋಗುತ್ತಾಳೆ. ನನ್ನ ಕೈಯ ತಮಾಲೆ! ನಿನ್ನನ್ನು ನೋಡಲೂ ಒಬ್ಬಳೇ ಬಸ್ಸು ಹತ್ತುತ್ತಾಳೆ. ಸುಟ್ಟವರ ವಾರ್ಡಿಗೆ ಒಬ್ಬರನ್ನೇ ಬಿಡುತ್ತಾರಂತೆ. ಯಾವ ಆಸ್ಪತ್ರೆಯಲ್ಲಿದೆ ಹೆತ್ತ ತಾಯಿಯನ್ನು ಹೊರಗೆ ನಿಲ್ಲಿಸುವ ಕಾನೂನು?

ನಿನ್ನೆ ನಾನೇ ಗ್ಯಾರೇಜಿಗೆ ಹೋದೆ. ಫೆರ್ಮೀನ್ ಕಾರಿನ ಕೆಳಗಿಂದ ಜಾರಿ ಬಂದು, "ಏನ್ ದೋನ್ಯಾ ಎರ್ಲಿಂಡಾ, ಸೊಸೇನ ಹುಡುಕ್ಕೊಂಡು ಬಂದ್ರಾ, ಕಾರನ್ನಾ?" ಎಂದು ಹಲ್ಲು ಕಿರಿದ. ಎರಡನ್ನೂ ಎಂದೆ. ನಿನ್ನಪ್ಪ ಆಸೆಪಟ್ಟು ಹಾಕಿಸಿದ್ದ ಸರಪಳಿ ಬೆಸೆದು ಮಾಡಿದ ಪುಟ್ಟ ಸ್ಟೀರಿಂಗ್ ಚಕ್ರ ಬಿಚ್ಚಿ ಗೂಡಿನಲ್ಲಿಟ್ಟಿದ್ದಾನೆ. ಅದರ ಜಾಗದಲ್ಲಿ ಬಸ್ಸಿನದರಂಥ ಕರೀ ದೊಡ್ಡ ಚಕ್ರ ಬರುತ್ತದಂತೆ. ತಿರುವಿನ ದೀಪದ ಕಡ್ಡಿ ಎಡಗಡೆಯಿಂದ ಬಲಗಡೆಗೆ ಬಂದಿದೆ. ಇದ್ಯಾಕೋ ಹೀಗೆ ಎಂದರೆ, "ಈಗ ಹಿಂಗೇ ಫ್ಯಾಷನ್ನು" ಅಂದ. ಅವನ ಕಿವಿ ಕೆಂಪಾದದ್ದು ನಾನು ನೋಡಿದೆ. ಹೊಸ ಪೆಟ್ಟಿಗೆಯನ್ನು ಗುಜರಿಯಲ್ಲಿದ್ದ ಯಾವುದೋ ಈಚಿನ ಕಾರಿನಿಂದ ತಂದು, ಬಿಚ್ಚಿ ತೊಳೆದು, ಒಳಗಿನ ರಬ್ಬರೆಲ್ಲ ಹೊಸದು ಹಾಕಿದ್ದಾನಂತೆ. "ಹಳೇದ್ರಲ್ಲಿ ತಳ್ಳೋ ಕೊಳವೆ ಹೊರಗಡೆ ಇತ್ತು, ಅದಕ್ಕೇ ಸೋರೋದು, ಅದಕ್ಕೇ ಭಾರ. ಇದ್ರಲ್ಲಿ ಎಲ್ಲಾ ಪೆಟ್ಟಿಗೆ ಒಳಗೇ. ಸ್ವಲ್ಪ ತಿರುಗಿಸಿದ್ರೂ ಚಕ್ರ ಪೂರ್ತಿ ಕೇಳತ್ತೆ" ಎಂದೆಲ್ಲ ಹೇಳಿದ. ಹಳೆಯದೆಲ್ಲಿ ಎಂದೆ. ಮೇಜಿನ ಮೇಲೆ ತೋರಿಸಿದ. ನಾಳೆ ಅದನ್ನೂ ಯಾರಿಗಾದರೂ ಮಾರಿದರೆ? ಪೆಟ್ಟಿಗೆ, ಕೊಳವೆ, ಸರಪಳಿ ಚಕ್ರ ಎಲ್ಲ ಹಿಟ್ಟಿನ ಚೀಲಕ್ಕೆ ತುಂಬಿಸಿ, ಅವನ ಗಾಡಿಯಲ್ಲೇ ಹೊರಿಸಿಕೊಂಡು ಬಂದೆ. ಈಗ ಅದು ನನ್ನ ಊಟದ ಮೇಜಿನ ಕೆಳಗೆ ಪೇಪರಿನ ಮೇಲೆ ಕೂತು ತೊಟ್ಟಿಕ್ಕುತ್ತಿದೆ. ಕೊರೀನಾ ನೋಡಿ ಒಂದು ಮಾತೂ ಆಡಲಿಲ್ಲ. ತಪ್ಪಿಲ್ಲದವಳಾಗಿದ್ದರೆ ಜಗಳಕ್ಕಾದರೂ ಬರುತ್ತಿದ್ದಳು.

ನೀನು ಅವಳಿಗೆ ಬುದ್ಧಿ ಹೇಳಬೇಕು. ಕಾರು ಮನೆಗೆ ಬಂದ ಮೇಲೆ ಕೀಲಿ ನನ್ನ ಹತ್ತಿರ

ಶನಿವಾರ

ಬುಧವಾರ ಇಲ್ಲಿಗೇ ಬಿಟ್ಟು ಎದ್ದಿದ್ದೆ, ಒಲೆಯ ಮೇಲೆ ಪೊಸೋಲೆ ಸಾರು ಉಕ್ಕುತ್ತಿತ್ತು. ಮೇಲೆ ಬರೆದದ್ದನ್ನು ಹರಿದು ಹಾಕೋಣವೆಂದುಕೊಂಡೆ. ಇರಲಿ, ಓದು. ನಿನ್ನ ತಾಯಿಯನ್ನು ಕತ್ತಲಲ್ಲಿಟ್ಟರೆ ಅವಳ ತಲೆ ಎಲ್ಲೆಲ್ಲಿ ಓಡುತ್ತದೆಂದು ನಿನಗೂ ಗೊತ್ತಾಗಲಿ.

ಇವತ್ತು ಬೆಳಿಗ್ಗೆ ಕೊರೀನಾ ಸಂತೆಗೆ ಹೋದಾಗ ಮತ್ತೆ ಗ್ಯಾರೇಜಿಗೆ ಹೋದೆ. ಕಾರು ಸಿದ್ಧವಾಗಿ ಅಂಗಳದಲ್ಲಿ ನಿಂತಿತ್ತು. "ಕೂತು ನೋಡಿ ದೋನ್ಯಾ" ಎಂದು ಫೆರ್ಮೀನ್ ಎಂಜಿನ್ ಚಾಲೂ ಮಾಡಿದ. ಚಕ್ರಕ್ಕೆ ಕೈ ಹಚ್ಚಿದರೆ ಬೆಣ್ಣೆಯ ಹಾಗೆ ತಿರುಗಿತು, ಫೌಸ್ತಿನೋ! ನಿನ್ನಪ್ಪ ಇದನ್ನು ಚರ್ಚಿನ ಮುಂದೆ ತಿರುಗಿಸುವಾಗ ಕೊರಳಿನ ನರ ಉಬ್ಬುತ್ತಿತ್ತು. ನನಗೆ ನಗು ಬಂತು. ಆಗ ಅಂಗೈಗೆ ಏನೋ ಸಿಕ್ಕಿತು. ಚಕ್ರದ ಬಲ ಅಂಚಿಗೆ ಬಾಗಿಲ ಹಿಡಿಯಂಥದೊಂದು ಗುಂಡನೆಯ ಗುಬುಟು. ಇದ್ಯಾವ ಫ್ಯಾಷನ್ನೋ ಎಂದೆ. ಅವನು ಬಾನೆಟ್ಟಿನ ಒಳಗೆ ತಲೆ ಹಾಕಿದ್ದವನು, ಅಲ್ಲಿಂದಲೇ, "ಅದಿಲ್ದೆ ಒಂದೇ ಕೈಲಿ ಹೆಂಗ್ ತಿರುಗಿಸ್ತಾನೆ..." ಅಂದವನು ಅಲ್ಲಿಗೇ ನಿಂತ.

ಯಾವ ಕೈಗೆ ಏನಾಗಿದೆ ಎಂದೆ. ಅವನು ಹತ್ತಿರ ಬಂದು, "ಎಡಗೈ" ಅಂದ. ಸುಟ್ಟಿದೆ, ಬಲ ಇಲ್ಲ, ಅಷ್ಟೇ ತಾನೇ ಎಂದೆ. ಕೈ ಇದೆ ತಾನೇ ಎಂದೆ. ಅವನು ತಲೆಯ ಟೋಪಿ ತೆಗೆದು ಎದೆಗೆ ಹಿಡಿದು ನಿಂತ, ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ. ಹಾಗೆ ನಿಲ್ಲಬೇಡ, ನನ್ನ ಮಗ ಬದುಕಿದ್ದಾನೆ ಎಂದು ಗದರಿದೆ. ಆಮೇಲೆ ಎಷ್ಟೋ ಹೊತ್ತು ಕಾರಿನಿಂದ ಇಳಿಯಲಾಗಲಿಲ್ಲ. ಆ ಗುಬುಟು ಹಿಡಿದುಕೊಂಡೇ ಕೂತಿದ್ದೆ. ಎಡಗೈ ತೊಡೆಯ ಮೇಲಿಟ್ಟುಕೊಂಡು, ಬಲಗೈಯೊಂದರಲ್ಲೇ ಆ ಕಡೆ ಈ ಕಡೆ ತಿರುಗಿಸಿ ನೋಡಿದೆ. ತಿರುಗುತ್ತದೆ. ಕಷ್ಟವಿಲ್ಲ.

ಮನೆಗೆ ಬಂದು ಕೊರೀನಾಳನ್ನು ಎದುರಿಗೆ ಕೂರಿಸಿದೆ. ಅವಳು ಚೀಲ ಕೆಳಗಿಡುವ ಮೊದಲೇ ನನ್ನ ಮುಖ ನೋಡಿ ತಿಳಿದುಕೊಂಡಳು. "ನಿಮ್ಮ ಮಗ ಆಣೆ ಹಾಕಿಸ್ಕೊಂಡಿದ್ದ ಅತ್ತೆ. ತಾನೇ ಕಾರ್ ಓಡಿಸ್ಕೊಂಡು ನಿಮ್ಮ ಮುಂದೆ ಬಂದು ನಿಲ್ಬೇಕಂತೆ, ಆಮೇಲೆ ನಿಮಗೆ ಗೊತ್ತಾಗ್ಲಿ ಅಂತ" ಅಂದಳು. ಅಲ್ಲವೇ ಕೊರೀನಾ, ನಾನು ನಿನ್ನ ಮೇಲೆ ಏನೇನೋ ಅನುಮಾನಪಟ್ಟೆನಲ್ಲೇ, ಬಾಯಿಬಿಟ್ಟು ಹೇಳಬಾರದಿತ್ತೇ ಎಂದೆ. "ಗೊತ್ತಿತ್ತು. ಪಡ್ಲಿ ಅಂತಾನೇ ಬಿಟ್ಟೆ. ನನ್ನ ಮೇಲೆ ಸಿಟ್ಟು ಇರೋ ಅಷ್ಟು ಹೊತ್ತಾದ್ರೂ ನೀವು ಅವನ ಬಗ್ಗೆ ಕೊರಗಲ್ವಲ್ಲ" ಅಂದಳು. ಮೆಣಸಿನಕಾಯಿ ಮುಂದಿಟ್ಟುಕೊಂಡು ಇಬ್ಬರೂ ಹಚ್ಚಲು ಕೂತೆವು. ಆ ಕೈಯಲ್ಲೇ ಕಣ್ಣೊರೆಸಿಕೊಂಡು, ಇನ್ನಷ್ಟು ಅತ್ತೆವು. ಇಂಥ ಹೆಂಡತಿಯನ್ನು ಹುಡುಕಿಕೊಂಡವನು ನೀನೇ, ನಾನಲ್ಲ, ಅದು ನಿನ್ನ ಪುಣ್ಯ.

ಆದರೆ ನಿನ್ನನ್ನು ನಾನಿನ್ನೂ ನಂಬುವುದಿಲ್ಲ. ಇನ್ನೇನು ಮುಚ್ಚಿಟ್ಟಿದ್ದೀಯ? ಕಾಲು ಎರಡೂ ಇವೆ ತಾನೇ? ಮುಂದಿನ ಸಲ ಫೋನು ಮಾಡಿದಾಗ ಎರಡೂ ಪಾದ ನೆಲಕ್ಕೆ ಬಡಿದು ಕೇಳಿಸು. ಒಂದೇ ಪಾದವನ್ನು ಎರಡು ಸಲ ಬಡಿದರೆ ನನಗೆ ತಿಳಿಯುತ್ತದೆ. ಮಂಗಳವಾರದ ಬಸ್ಸಿಗೆ ಕೊರೀನಾಳ ಜೊತೆ ನಾನೂ ಹೊರಟಿದ್ದೇನೆ. ನನ್ನನ್ನು ತಡೆಯುವ ನರ್ಸಮ್ಮ ಯಾರೆಂದು ನೋಡಿಬಿಡುತ್ತೇನೆ.

ಚಿಮಯೋದ ಬಾಲಯೇಸು ಸಾಂತೋ ನೀನ್ಯೋ ನಿನ್ನ ತಲೆಯ ಮೇಲೆ ಕೈಯಿಟ್ಟಿರಲಿ. ಕ್ಲೊತಿಲ್ದೆಯೂ ನಿನ್ನ ಕ್ಷೇಮ ಕೇಳಿದಳೆಂದು ತಿಳಿ. ಅವಳಿಗೆ ನಾನಿನ್ನೂ ಏನೂ ಹೇಳಿಲ್ಲ.

ನಿನ್ನನ್ನೇ ನೆನೆಯುತ್ತಿರುವ
ಅಮ್ಮ, ಎರ್ಲಿಂಡಾ

ಮತ್ತೆ ಬರೆದದ್ದು: ಅಂಚೆಯವನು ಗೇಟಿನ ಹತ್ತಿರ ಬಂದಾಯಿತು, ಬೇಗ ಬರೆಯುತ್ತಿದ್ದೇನೆ. ಕೊರೀನಾಳನ್ನು ಕೇಳಲು ಬಾಯಿ ಬರಲಿಲ್ಲ, ನೀನೇ ಫೋನಿನಲ್ಲಿ ಹೇಳು. ಮೊಣಕೈ ಇದೆಯೇ, ಅಥವಾ ಅದಕ್ಕೂ ಮೇಲೆಯೇ? ಸರಿಯಾಗಿ ಎಲ್ಲಿಯವರೆಗೆ ಎಂದು ಹೇಳು, ನಾಚಬೇಡ. ಚಳಿ ಬಂತು, ನಿನ್ನ ಉಣ್ಣೆಯ ಕೋಟಿನ ತೋಳು ಮಡಿಸಿ ಹೊಲಿದು ತರುತ್ತೇನೆ.