ಕೊನೆಯ ಸಾಲಿನ ದ್ರಾಕ್ಷಿ

ಬರೋಸಾ ಕಣಿವೆ,
ಮೇ ೧೨

ಪ್ರೀತಿಯ ಕೊನ್ರಾಡ್,

ದೇವರ ದಯೆಯಿಂದ ನಾನು ಚೆನ್ನಾಗಿದ್ದೇನೆ. ಕಳೆದ ತಿಂಗಳು ನಾನು ಅಮ್ಮನ ಜೊತೆ, ಅಂದರೆ ನಿನ್ನ ಅಜ್ಜಿಯ ಜೊತೆ, ಆಸ್ಪತ್ರೆಯಲ್ಲಿದ್ದಾಗ, ನಿನ್ನ ವೈನ್ ಕಾರ್ಖಾನೆಯ ಆಳುಗಳು ಮುತ್ತಜ್ಜ ನೆಟ್ಟ ಬಳ್ಳಿಗಳ ಕೊನೆಯ ಸಾಲಿನ ಹಣ್ಣನ್ನೂ ಕೊಯ್ದುಬಿಟ್ಟರು. ಆ ಸಾಲು ಚರ್ಚಿನದು, ಅದರ ವೈನು ರೊಟ್ಟಿಯ ಜೊತೆ ಗುಟುಕು ಗುಟುಕಾಗಿ ಹಂಚುವ ಕರ್ತನ ಭೋಜನಕ್ಕೆ ಮಾತ್ರ. ಅವರಿಗೆ ಅದು ಗೊತ್ತಿರಲಿಲ್ಲ. ನಿನಗೆ ಗೊತ್ತಿತ್ತು.

ಬದಲಿಗೆ ನೀನು ಕಳಿಸಿದ ದುಬಾರಿ ವೈನಿನ ಪೆಟ್ಟಿಗೆ ಹಾಗೇ ಇದೆ. ಅಮ್ಮ ಮುಟ್ಟಲಿಲ್ಲ. ಅರವತ್ತು ಚಳಿಗಾಲ ಆ ಸಾಲಿನ ಕಡ್ಡಿಗಳನ್ನು ಅವಳೇ ಸವರಿದ್ದಾಳೆ, ಬೇರೆಯವರಿಗೆ ಕತ್ತರಿ ಕೊಟ್ಟವಳಲ್ಲ.

ಫೋನಿನಲ್ಲಿ ನೀನು, "ಅತ್ತೇ, ಆ ಸಾಲಿಂದು ನಮ್ಮಲ್ಲೇ ಎಲ್ಲಕ್ಕಿಂತ ಒಳ್ಳೇ ವೈನು. ಎರಡು ವರ್ಷ ಪೀಪಾಯೀಲಿ ಮಲಗ್ಬೇಕು, ಈಗ್ಲೇ ತೆಗೆದ್ರೆ ಬರೀ ಒಗರು" ಅಂದೆ. ನಾನು ಅದನ್ನು ಅಮ್ಮನಿಗೆ ಹೇಳಿದೆ. "ಅದು ಮಲಗ್ಲಿ ಬಿಡು. ಏಳೋವರ್ಗೂ ನಾನು ಕಾಯ್ತಾ ಕೂರೋಕಾಗಲ್ಲ ಅಂತ ಆ ಸಾಹೇಬನಿಗೆ ಹೇಳು" ಅಂದಳು. ಮುಂದಿನ ತಿಂಗಳು ಶುರುವಾಗುವ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿದ್ದು ಅವಳಿಗೂ ಕೇಳಿಸಿತ್ತು.

ಆದ್ದರಿಂದ ಆ ಪೀಪಾಯಿಯಿಂದ ಒಂದು ಬಾಟಲಿ ಈಗಲೇ ತೆಗೆ. ನಿನ್ನ ಚಿನ್ನದ ಚೀಟಿ ಅಂಟಿಸುವುದು ಬೇಡ. ಒಗರಿದ್ದರೂ ಪರವಾಗಿಲ್ಲ, ಒಬ್ಬೊಬ್ಬರಿಗೆ ಒಂದು ಗುಟುಕು ತಾನೇ. ಭಾನುವಾರ ಹತ್ತಕ್ಕೆ ಅಮ್ಮನಿಗೆ ಕರ್ತನ ಭೋಜನ ಕೊಡಲು ಪಾಸ್ಟರ್ ಮನೆಗೇ ಬರುತ್ತಾರೆ. ನೀನು ಚರ್ಚಿಗೆ ಬಂದು ಎಷ್ಟು ವರ್ಷವಾಯಿತೆಂದು ನಾನು ಕೇಳುವುದಿಲ್ಲ. ಆಳಿನ ಕೈಲಿ ಕಳಿಸಬೇಡ, ನೀನೇ ತಾ.

ಅಮ್ಮ ಇವತ್ತೇ ಹಾಸಿಗೆಯ ಪಕ್ಕ ಮೂರು ಕುರ್ಚಿ ಹಾಕಿಸಿದ್ದಾಳೆ. ಒಂದು ಪಾಸ್ಟರಿಗೆ, ಒಂದು ನನಗೆ.

ಕರ್ತನು ನಿನ್ನನ್ನು ಕಾಯಲಿ.

ನಿನ್ನ ಅತ್ತೆ,
ಹೆಡ್ವಿಗ್